ವರ್ಸೇಲ್ಸ್ ಒಪ್ಪಂದ: ಗೆದ್ದವರ ಗುರಿ ಒಂದೇ ಆಗಿರಲಿಲ್ಲ

ಮೊದಲ ಮಹಾಯುದ್ಧ 1918ರ ನವೆಂಬರ್ 11ರ ಕದನವಿರಾಮದೊಂದಿಗೆ ನಿಂತಿತು. ಶಾಂತಿಯ ಷರತ್ತುಗಳನ್ನು ನಿರ್ಧರಿಸಲು ವಿಜಯಿ ರಾಷ್ಟ್ರಗಳು 1919ರ ಜನವರಿ 18ರಂದು ಪ್ಯಾರಿಸ್‌ನಲ್ಲಿ ಸಭೆ ಸೇರಿದವು. ಸೋತ ಜರ್ಮನಿಗೆ ಆ ಮಾತುಕತೆಯಲ್ಲಿ ಸ್ಥಾನವಿರಲಿಲ್ಲ. ಆದರೂ ಜಗಳಕ್ಕೇನೂ ಕೊರತೆಯಾಗಲಿಲ್ಲ.

ಫ್ರಾನ್ಸ್ ಪ್ರಧಾನಿ ಜಾರ್ಜ್ ಕ್ಲೆಮಾನ್ಸೊ ಅವರಿಗೆ ಆಗ 77 ವರ್ಷ. 1870ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ ಅವರು ಆ ನಗರದ ಮಾಂಟ್‌ಮಾರ್ಟ್ರ್ ವಿಭಾಗದ ಮೇಯರ್ ಆಗಿದ್ದರು. ಒಂದೇ ಜೀವಿತಾವಧಿಯಲ್ಲಿ ಎರಡು ಬಾರಿ ಜರ್ಮನ್ ದಾಳಿ ಕಂಡಿದ್ದ ಅವರ ದೇಶ ಈ ಯುದ್ಧದಲ್ಲಿ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಜರ್ಮನಿ ಮತ್ತೆಂದೂ ಗಡಿ ದಾಟಬಾರದು ಎಂಬುದೇ ಕ್ಲೆಮಾನ್ಸೊ ಅವರ ಹಟ.

ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ 1918ರ ಜನವರಿಯಲ್ಲಿಯೇ 14 ಅಂಶಗಳನ್ನು ಮುಂದಿಟ್ಟಿದ್ದರು. ಜನಾಂಗಗಳ ಸ್ವನಿರ್ಧಾರ ಮತ್ತು ಯುದ್ಧಗಳನ್ನು ತಡೆಯುವ ರಾಷ್ಟ್ರಸಂಘ ಅವರ ಆದರ್ಶ. ಆ ಸ್ವನಿರ್ಧಾರ ಭಾರತದವರೆಗೆ ಬರಲಿಲ್ಲ ಎಂಬುದು ಬೇರೆ ಮಾತು; ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ಬ್ರಿಟಿಷ್ ಸಚಿವ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರ್ ಮಹಾರಾಜ ಗಂಗಾಸಿಂಗ್.

ಇವರಿಬ್ಬರ ನಡುವೆ ಬ್ರಿಟನ್ನಿನ ಲಾಯ್ಡ್ ಜಾರ್ಜ್. ಜರ್ಮನಿಯಿಂದ ವಸೂಲಿ ಮಾಡುವ ಭರವಸೆ ನೀಡಿ ಅವರು 1918ರ ಡಿಸೆಂಬರ್ ಚುನಾವಣೆ ಗೆದ್ದಿದ್ದರು. ಜರ್ಮನ್ ನೌಕಾಪಡೆ ಆಗಲೇ ಬ್ರಿಟನ್ನಿನ ಕಾವಲಿನಲ್ಲಿತ್ತು. ಆದರೆ ಜರ್ಮನಿ ಪೂರ್ತಿ ನೆಲಕಚ್ಚಿದರೆ ವ್ಯಾಪಾರವೂ ಕೆಡುತ್ತದೆ, ಬೊಲ್ಷೆವಿಕ್ ಕ್ರಾಂತಿಯೂ ಹರಡುತ್ತದೆ ಎಂಬ ಅಳುಕು ಅವರಿಗಿತ್ತು. ಇಟಲಿಯ ಒರ್ಲಾಂಡೊ ಅವರ ಗಮನವೆಲ್ಲ ಏಡ್ರಿಯಾಟಿಕ್ ತೀರದ ಮೇಲೆ. ಫಿಯೂಮೆ ಬಂದರು ದಕ್ಕದೆ ಏಪ್ರಿಲ್‌ನಲ್ಲಿ ಸಭೆಯಿಂದಲೇ ಹೊರನಡೆದು, ಮೇ ತಿಂಗಳಲ್ಲಿ ಮರಳಿದರು.

ಈ ಗುರಿಗಳು ನೇರವಾಗಿ ಡಿಕ್ಕಿ ಹೊಡೆದದ್ದು ರೈನ್ ನದಿಯ ದಂಡೆಯಲ್ಲಿ. ನದಿಯ ಪಶ್ಚಿಮದ ಪ್ರದೇಶವನ್ನು ಜರ್ಮನಿಯಿಂದ ಬೇರ್ಪಡಿಸಬೇಕೆಂದು ಫ್ರಾನ್ಸ್ ಬಯಸಿತು. ಮಾರ್ಷಲ್ ಫಾಕ್ ಅವರಂತೂ ರೈನ್ ನದಿಯೇ ಸೇನಾ ಗಡಿಯಾಗಬೇಕೆಂದು ಪಟ್ಟು ಹಿಡಿದರು. ಲಕ್ಷಾಂತರ ಜರ್ಮನರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬೇರ್ಪಡಿಸುವುದು ವಿಲ್ಸನ್ ತತ್ವಕ್ಕೆ ಸಲ್ಲದು. ಲಾಯ್ಡ್ ಜಾರ್ಜ್ ಅವರಿಗೋ ಅದು ಮುಂದಿನ ಯುದ್ಧದ ಬೀಜ. ಕೊನೆಗೆ ಚೌಕಾಸಿ ಕುದುರಿತು. ಪ್ರದೇಶ ಜರ್ಮನಿಯಲ್ಲೇ ಉಳಿಯುವುದು, ಅಲ್ಲಿ ಜರ್ಮನ್ ಸೇನೆ ಇರಕೂಡದು, ಮಿತ್ರಪಡೆಗಳು 15 ವರ್ಷ ಬೀಡುಬಿಡುವುದು. ಪ್ರತಿಯಾಗಿ, ಜರ್ಮನಿ ಅಕಾರಣ ದಾಳಿ ಮಾಡಿದರೆ ನೆರವಿಗೆ ಬರುವುದಾಗಿ ಅಮೆರಿಕ ಮತ್ತು ಬ್ರಿಟನ್ ಫ್ರಾನ್ಸಿಗೆ ಮಾತು ಕೊಟ್ಟವು. ನದಿಯನ್ನು ಬಿಟ್ಟು ವಾಗ್ದಾನವನ್ನು ಹಿಡಿದದ್ದು ಕ್ಲೆಮಾನ್ಸೊ ಅವರ ದೊಡ್ಡ ಜೂಜು.

ಪರಿಹಾರಧನದ ವಿಷಯದಲ್ಲಿ ಒಮ್ಮತ ಮೂಡದೆ ಮೊತ್ತವನ್ನೇ ನಮೂದಿಸಲಿಲ್ಲ. 1921ರಲ್ಲಿ ಅದನ್ನು 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿಪಡಿಸಲಾಯಿತು. ಸೈನಿಕರ ಪಿಂಚಣಿಯನ್ನೂ ಲೆಕ್ಕಕ್ಕೆ ಸೇರಿಸಿ ಬ್ರಿಟನ್ ತನ್ನ ಪಾಲು ಹೆಚ್ಚಿಸಿಕೊಂಡಿತ್ತು.

1919ರ ಜೂನ್ 28ರಂದು ವರ್ಸೇಲ್ಸ್ ಅರಮನೆಯಲ್ಲಿ ಸಹಿ ಬಿತ್ತು. ಅದೇ ನವೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಒಪ್ಪಂದವನ್ನು ತಿರಸ್ಕರಿಸಿತು. 1920ರ ಮಾರ್ಚ್‌ನಲ್ಲಿ ಮತ್ತೊಮ್ಮೆ. ವಿಲ್ಸನ್ ಕನಸಿನ ರಾಷ್ಟ್ರಸಂಘಕ್ಕೆ ಅವರ ದೇಶವೇ ಸೇರಲಿಲ್ಲ. ಫ್ರಾನ್ಸಿಗೆ ಕೊಟ್ಟ ವಾಗ್ದಾನವನ್ನು ಸೆನೆಟ್ ಮತಕ್ಕೂ ಹಾಕಲಿಲ್ಲ. ಅಮೆರಿಕ ಅನುಮೋದಿಸಿದರೆ ಮಾತ್ರ ಬ್ರಿಟನ್ನಿನ ಮಾತಿಗೂ ಬೆಲೆ ಎಂಬ ಷರತ್ತಿದ್ದುದರಿಂದ ಅದೂ ಬಿದ್ದುಹೋಯಿತು. ಮಿತ್ರಪಡೆಗಳು ಅವಧಿಗೆ ಮುನ್ನವೇ, 1930ರಲ್ಲಿ, ರೈನ್ ದಂಡೆ ತೆರವು ಮಾಡಿದವು. 1936ರ ಮಾರ್ಚ್ 7ರಂದು ಹಿಟ್ಲರ್ ಸೇನೆ ಅಲ್ಲಿಗೆ ಪ್ರವೇಶಿಸಿದಾಗ ತಡೆಯುವವರು ಯಾರೂ ಇರಲಿಲ್ಲ.