ಉಪ್ಪುನೆಲವೂ ಬಿತ್ತದ ಬೀಜವೂ

ಉಪ್ಪಿಗಿಂತ ರುಚಿಯಿಲ್ಲವೆಂಬುದು ಅಡಿಗೆಮನೆಯ ಮಾತು. ಹೊಲದಲ್ಲಿ ಅದು ನಡೆಯುವುದಿಲ್ಲ. ಅನ್ನಕ್ಕೆ ರುಚಿಯನ್ನು ಕೊಡುವ ವಸ್ತುವೇ ಅನ್ನವನ್ನು ಕೊಡುವ ಮಣ್ಣನ್ನು ಸೇರಿದರೆ ಪೈರು ಸೊರಗುತ್ತದೆ. ಪೈರು ಸೊರಗಿದಲ್ಲಿ ಊರು ಬರಿದಾಗುತ್ತದೆ. ಅರಸರ ಯುದ್ಧಗಳನ್ನೂ ವಂಶಾವಳಿಗಳನ್ನೂ ವಿಸ್ತಾರವಾಗಿ ಹೇಳುವ ಚರಿತ್ರೆಯು, ಮಣ್ಣಿನಲ್ಲಿ ಸದ್ದಿಲ್ಲದೆ ನಡೆದ ಈ ವ್ಯಾಪಾರವನ್ನು ಬಹುಕಾಲ ಗಮನಿಸಲಿಲ್ಲ.

ಟೈಗ್ರಿಸ್ ಮತ್ತು ಯೂಫ್ರೆಟೀಸ್ ನದಿಗಳ ನಡುವಣ ಸುಮೇರ್ ದೇಶವು ಕಾಲುವೆಯ ನೀರಿನಿಂದ ಬಾಳಿದ ನಾಡು. ಕ್ರಿಸ್ತಪೂರ್ವ 2400ರ ಸುಮಾರಿನಲ್ಲಿ ಗಿರ್ಸು ಮತ್ತು ಉಮ್ಮ ಎಂಬ ನೆರೆಯ ಪಟ್ಟಣಗಳಿಗೆ ಗಡಿಯ ಕಾಲುವೆಗಳ ವಿಷಯದಲ್ಲಿ ವ್ಯಾಜ್ಯವುಂಟಾಯಿತು. ಉಮ್ಮದವರ ಉಪಟಳವನ್ನು ತಡೆಯಲಾರದೆ ಗಿರ್ಸುವಿನ ಅರಸನಾದ ಎಂಟೆಮೆನನು ಟೈಗ್ರಿಸ್ ನದಿಯಿಂದಲೇ ಬೇರೊಂದು ಕಾಲುವೆಯನ್ನು ತೋಡಿಸಿದನು. ನೀರು ಸಮೃದ್ಧಿಯಾಗಿ ಬಂದಿತು. ಆದರೆ ಹೊರಕ್ಕೆ ಹರಿದುಹೋಗಲು ದಾರಿಯಿಲ್ಲದ ನೀರು ನೆಲದೊಳಗೆ ಇಂಗಿ, ಅಂತರ್ಜಲವನ್ನು ಮೇಲಕ್ಕೆತ್ತಿತು. ಬಿಸಿಲಿಗೆ ನೀರು ಆವಿಯಾಗಿ ಹೋಗಲು, ಉಪ್ಪು ಮಾತ್ರ ಮೇಲ್ಮಣ್ಣಿನಲ್ಲಿ ಉಳಿಯಿತು.

1958ರಲ್ಲಿ ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು ಮಣ್ಣಿನ ಹಲಗೆಗಳ ಮೇಲೆ ಬರೆದ ಪ್ರಾಚೀನ ಲೆಕ್ಕಗಳನ್ನು ಪರಿಶೀಲಿಸಿ ಈ ಕಥೆಯನ್ನು ಬೆಳಕಿಗೆ ತಂದರು. ಅವರ ಎಣಿಕೆಯಂತೆ, ಕ್ರಿಸ್ತಪೂರ್ವ 3500ರ ಸುಮಾರಿನಲ್ಲಿ ಗೋದಿಯೂ ಬಾರ್ಲಿಯೂ ಸಮಸಮನಾಗಿ ಬೆಳೆಯುತ್ತಿದ್ದುವು. ಉಪ್ಪನ್ನು ಹೆಚ್ಚು ಸಹಿಸದ ಗೋದಿಯು ಕ್ರಮೇಣ ಹಿಂಜರಿದು, ಕ್ರಿಸ್ತಪೂರ್ವ 2100ರಲ್ಲಿ ನೂರಕ್ಕೆ 2 ಪಾಲಿಗಿಳಿದು, 1700ರ ವೇಳೆಗೆ ಆ ದಕ್ಷಿಣ ಬಯಲಿನಿಂದ ಮರೆಯಾಯಿತು. ಹೆಕ್ಟೇರಿಗೆ 2537 ಲೀಟರಿನಷ್ಟಿದ್ದ ಧಾನ್ಯದ ಇಳುವರಿಯು 897 ಲೀಟರಿಗೆ ಬಂದಿತು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ; 1985ರಲ್ಲಿ ಪೊವೆಲ್ ಎಂಬ ವಿದ್ವಾಂಸನು ಅದೇ ಲೆಕ್ಕಗಳನ್ನು ಬೇರೆ ರೀತಿಯಲ್ಲಿ ಓದಿ, ಉಪ್ಪೊಂದರ ಮೇಲೆಯೇ ದೋಷವನ್ನು ಹೊರಿಸುವುದು ಸಲ್ಲದೆಂದು ತೋರಿಸಿದನು. ಆದರೂ ನೀರು ತಂದವನು ನೀರು ಹೋಗುವ ದಾರಿಯನ್ನೂ ನೋಡಬೇಕೆಂಬ ಪಾಠವು ಅಲ್ಲಿ ಉಳಿದಿದೆ.

ಉಪ್ಪು ಗಿಡವನ್ನು ಎರಡು ಬಗೆಯಲ್ಲಿ ಬಾಧಿಸುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಬೇರು ಆ ನೀರನ್ನು ಹೀರಿಕೊಳ್ಳುವುದು ಕಷ್ಟವಾಗಿ, ನೀರಿನ ನಡುವೆಯೇ ಗಿಡಕ್ಕೆ ಬಾಯಾರಿಕೆಯುಂಟಾಗುತ್ತದೆ. ಬಳಿಕ ಒಳಹೊಕ್ಕ ಸೋಡಿಯಮ್ ಎಲೆಗಳಲ್ಲಿ ಸೇರಿ, ಪೊಟ್ಯಾಸಿಯಮ್ ಮಾಡಬೇಕಾದ ಕೆಲಸವನ್ನು ಕೆಡಿಸುತ್ತದೆ. ಇದಕ್ಕೆ ಪ್ರತಿಯಾಗಿ ಸಸ್ಯಗಳು ಹೂಡಿರುವ ಉಪಾಯಗಳು ವಿಸ್ಮಯಕರವಾದುವು. ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲ ಗಿಡಗಳಲ್ಲಿ ಕೆಲವು ಬೇರಿನಲ್ಲಿಯೇ ಉಪ್ಪನ್ನು ಸೋಸಿ ಹೊರಗಿಡುತ್ತವೆ; ಕೆಲವು ಅದನ್ನು ಎಲೆಯ ಮೇಲೆ ಹೊರಸೂಸುತ್ತವೆ. ಉಪ್ಪನ್ನು ತಾಳುವ ಭತ್ತವಾದರೋ, ಮೇಲೇರುವ ರಸದಿಂದ ಸೋಡಿಯಮನ್ನು ದಾರಿಯಲ್ಲಿಯೇ ಹಿಂದಕ್ಕೆ ತೆಗೆದು, ಎಳೆಯ ಎಲೆಗಳನ್ನು ಕಾಪಾಡಿಕೊಳ್ಳುತ್ತದೆ.

ಇಂತಹ ಭತ್ತವನ್ನು ಆರಿಸಿ ಬೆಳೆಸಿದವರು ಕಡಲ ತಡಿಯ ಒಕ್ಕಲಿಗರು. ಕೇರಳದ ಪೊಕ್ಕಾಳಿ, ಬಂಗಾಳದ ನೋನಾ ಬೊಕ್ರಾ, ಉತ್ತರ ಕನ್ನಡದ ಕಗ್ಗ, ಇವು ಅವರ ಕೈಯಿಂದ ಬಂದ ತಳಿಗಳು. ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ ಗಜನಿಯೆಂಬ ತಗ್ಗು ನೆಲವಿದೆ. ಅಲ್ಲಿ ಕಟ್ಟೆಯನ್ನು ಹಾಕಿ, ತೂಬಿನ ಬಾಗಿಲುಗಳಿಂದ ಉಬ್ಬರದ ನೀರನ್ನು ತಡೆದರು. ಭತ್ತವು ಎಳೆಯ ಸಸಿಯಾಗಿರುವಾಗಲೂ ಹೂ ಬಿಡುವಾಗಲೂ ಉಪ್ಪಿಗೆ ಬೇಗ ಸೋಲುವುದಾದುದರಿಂದ, ಮುಂಗಾರಿನ ಮಳೆಯು ಮಣ್ಣಿನ ಉಪ್ಪನ್ನು ತೊಳೆಯುವ ಕಾಲವನ್ನೇ ನೋಡಿ ಬಿತ್ತಿದರು. ಕೊಯಿಲಾದ ಬಳಿಕ ಬಾಗಿಲು ತೆರೆದರೆ, ಉಬ್ಬರದೊಡನೆ ಮೀನೂ ಸಿಗಡಿಯೂ ಒಳಬರುತ್ತಿದ್ದುವು. ಪೊಕ್ಕಾಳಿಯ ಗದ್ದೆಗಳಲ್ಲಿಯೂ ಇದೇ ಕ್ರಮ: ತೆನೆಯನ್ನು ಮಾತ್ರ ಕೊಯ್ದು, ಉಳಿದ ಹುಲ್ಲನ್ನು ನೀರಿನಲ್ಲಿ ಕೊಳೆಯಬಿಡುವರು; ಅದು ಸಿಗಡಿಗೆ ಆಹಾರವಾಗುವುದು. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಗೆಗೆ ಮೀನು.

ವಿಜ್ಞಾನಿಗಳು ಈ ಬೀಜಗಳ ಬಳಿಗೆ ಬಂದುದು ತಡವಾಗಿ. 1969ರಲ್ಲಿ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನ ಸಂಸ್ಥೆಯು ಹುಟ್ಟಿತು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿ ಪೊಕ್ಕಾಳಿಯನ್ನು ಉಪ್ಪು ತಾಳದ ತಳಿಯೊಡನೆ ಸಂಕರಗೊಳಿಸಿದಾಗ, ಸಹನಶಕ್ತಿಯ ಬಹುಪಾಲು ಮೊದಲನೆಯ ವರ್ಣತಂತುವಿನ ಒಂದು ಭಾಗದಲ್ಲಿದೆಯೆಂದು ತಿಳಿಯಿತು. ಅದಕ್ಕೆ ಸಾಲ್ಟೋಲ್ ಎಂಬ ಹೆಸರಿಟ್ಟು, ಹಲವು ತಳಿಗಳಿಗೆ ಸೇರಿಸಿದರು. 2005ರಲ್ಲಿ ಚೀನ ಮತ್ತು ಅಮೆರಿಕದ ವಿಜ್ಞಾನಿಗಳು ನೋನಾ ಬೊಕ್ರಾದಲ್ಲಿ, ರಸದಿಂದ ಸೋಡಿಯಮನ್ನು ಹಿಂತೆಗೆಯುವ ಜೀನನ್ನೇ ಗುರುತಿಸಿದರು. 2012ರಲ್ಲಿ ಆಸ್ಟ್ರೇಲಿಯದವರು ಗೋದಿಯ ಪ್ರಾಚೀನ ಜ್ಞಾತಿಯೊಂದರಿಂದ ಅದೇ ಬಗೆಯ ಜೀನನ್ನು ಡ್ಯೂರಮ್ ಗೋದಿಗೆ ತಂದು, ಉಪ್ಪುನೆಲದಲ್ಲಿ ಇಳುವರಿಯು ನೂರಕ್ಕೆ 25ರಷ್ಟು ಹೆಚ್ಚುವುದನ್ನು ಕಂಡರು. ಸುಮೇರಿನ ಹೊಲಗಳನ್ನು ಬಿಟ್ಟುಹೋದ ಬೆಳೆಗೆ ಸಾವಿರಾರು ವರ್ಷಗಳ ಬಳಿಕ ದೊರೆತ ಚಿಕಿತ್ಸೆಯಿದು.

ಆದರೆ ಲೋಕವು ಈ ಬೀಜಗಳ ಬೆಲೆಯನ್ನು ಅರಿಯುವ ಹೊತ್ತಿಗೆ ಅವುಗಳ ತವರಿನಲ್ಲಿಯೇ ಬಿತ್ತುವವರು ಕಡಿಮೆಯಾದರು. ಭತ್ತಕ್ಕಿಂತ ಸಿಗಡಿಯಲ್ಲಿ ಹಣ ಹೆಚ್ಚೆಂದು ತಿಳಿದೊಡನೆ, ಮುಚ್ಚಬೇಕಾದ ಕಾಲದಲ್ಲಿಯೂ ತೂಬಿನ ಬಾಗಿಲು ತೆರೆದೇ ಉಳಿಯಿತು. ಒಬ್ಬನ ಗದ್ದೆಗೆ ಉಪ್ಪುನೀರು ನುಗ್ಗಿದರೆ ನೆರೆಯವನ ಗದ್ದೆಯೂ ಉಳಿಯದು. ಹತ್ತು ಮನೆಯವರು ಸೇರಿ ಕಾಯ್ದ ಕಟ್ಟೆಯು ಒಗ್ಗಟ್ಟು ತಪ್ಪಿದಂದೇ ಒಡೆಯಿತು. ಬೀಜವನ್ನು ತಣ್ಣನೆಯ ಕೋಣೆಯಲ್ಲಿ ಬಹುಕಾಲ ಕಾಪಿಡಬಹುದು. ಯಾವ ಮಳೆಗೆ ಬಿತ್ತಬೇಕು, ಯಾವ ಉಬ್ಬರಕ್ಕೆ ಬಾಗಿಲು ಹಾಕಬೇಕು ಎಂಬ ಅರಿವನ್ನು ಹಾಗೆ ಕಾಪಿಡುವಂತಿಲ್ಲ. ಅದು ವರ್ಷವರ್ಷವೂ ಕೆಸರಿಗಿಳಿಯುವವನ ಕೈಯಲ್ಲಿ ಮಾತ್ರ ಬದುಕುತ್ತದೆ. ಸುಮೇರಿನ ಒಕ್ಕಲಿಗನು ಗೋದಿಯನ್ನು ಬಿಟ್ಟುದು ನೆಲ ಕೆಟ್ಟುದರಿಂದ; ಗಜನಿಯ ನೆಲವಾದರೋ ಇನ್ನೂ ಕಗ್ಗವನ್ನು ಬೆಳೆಯಬಲ್ಲದು. ಅದನ್ನು ಬಿಡುವುದೂ ಉಳಿಸುವುದೂ ಉಪ್ಪಿನ ಕೈಯಲ್ಲಿಲ್ಲ, ಮನುಷ್ಯನ ಕೈಯಲ್ಲಿದೆ.