ಮಡಿಕೇರಿ: ನಾಲ್ಕು ಕರಗ, ಹತ್ತು ಮಂಟಪ

ಮಡಿಕೇರಿಗೆ ಬರುವ ಪ್ರವಾಸಿಗರು ರಾಜಾಸೀಟಿನಲ್ಲಿ ಮಂಜು ನೋಡುತ್ತಾರೆ, ಅಬ್ಬಿ ಜಲಪಾತಕ್ಕೆ ಹೋಗುತ್ತಾರೆ, ಕಾಫಿಪುಡಿ, ಜೇನು ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ. ಊರು ಯಾರದು ಎಂದು ಕೇಳಿದರೆ ಕೊಡವರದು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾಡಿನ ಒಳಗೆ, ಕೊಡವರ ಮೂಲಮನೆಯಾದ ಐನ್‌ಮನೆಯೊಂದರ ಅಂಗಳದಲ್ಲಿ ನಿಂತು ಹೇಳಿದರೆ ಆ ಮಾತಿಗೆ ಒಂದಿಷ್ಟು ಅರ್ಥವಿದೆ. ಪೇಟೆಯ ಸಂಗತಿಯೇ ಬೇರೆ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದ. ಆಳಿದ ಅರಸರು ಲಿಂಗಾಯತರು. ಅವರ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ಸುತ್ತ ಮಿನಾರುಗಳು. ದೂರದಿಂದ ಕಂಡವರು ದರ್ಗಾ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಅರಸರು ಮಲಗಿರುವ ಗದ್ದಿಗೆಯದೂ ಅದೇ ಚಹರೆ. 1834ರಲ್ಲಿ ರಾಜ್ಯ ಬ್ರಿಟಿಷರ ಕೈಸೇರಿದ ಮೇಲೆ ಕೋಟೆಯೊಳಗೆ ಇಗರ್ಜಿ ಎದ್ದಿತು. ಈಗ ಅದು ವಸ್ತುಸಂಗ್ರಹಾಲಯ. ಮುಂದೆ ಕಾಫಿ ತೋಟಗಳು ಬಂದವು. ತೋಟದ ಹಿಂದೆಯೇ ಮಲಬಾರಿನವರು, ತಮಿಳರು, ತುಳುವರು, ಮೈಸೂರು ಸೀಮೆಯವರು ಬಂದರು. ಅರೆಭಾಷೆಯ ಗೌಡರಂತೂ ಅದಕ್ಕೂ ಮೊದಲಿನಿಂದ ಇದ್ದವರು. ಅವರಲ್ಲೊಬ್ಬನಾದ, ಬ್ರಿಟಿಷರ ವಿರುದ್ಧ ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರಲ್ಲಿ ಇದೇ ಕೋಟೆಯ ಬಳಿ ಗಲ್ಲಿಗೇರಿಸಿದರು. 2011ರ ಜನಗಣತಿಯಲ್ಲಿ ಊರಿನ ಜನ 33 ಸಾವಿರದ ಆಸುಪಾಸು. ಇಷ್ಟು ಪುಟ್ಟ ಊರಿನಲ್ಲಿ ಸಂತೆಯ ಒಂದು ಸಾಲು ದಾಟುವಷ್ಟರಲ್ಲಿ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತವೆ.

ಇವರೆಲ್ಲ ಒಟ್ಟಿಗೆ ಬೀದಿಗಿಳಿಯುವುದು ದಸರೆಗೆ. ಮೈಸೂರಿನದು ಅರಮನೆಯ ದಸರೆ. ಅರಮನೆಯಿದ್ದ ಊರಾದರೂ ಮಡಿಕೇರಿಯದು ಕೇರಿಗಳ ದಸರೆ. ಹಿಂದೊಮ್ಮೆ ಊರಿಗೆ ಸಾಂಕ್ರಾಮಿಕ ರೋಗ ಬಡಿದಾಗ ಅರಸ ಮಾರಿಯಮ್ಮನ ಉತ್ಸವಕ್ಕೆ ನಿಶ್ಚಯಿಸಿದ, ಅಲ್ಲಿಂದ ಇದು ನಡೆದುಬಂತು ಎಂದು ಹೇಳುತ್ತಾರೆ. ಶಕ್ತಿದೇವತೆಗಳು ನಾಲ್ವರು: ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ. ಯಾರು ಯಾವ ಕಡೆಯಿಂದ ದೇವರನ್ನು ಹೊತ್ತು ತಂದರು ಎಂಬುದಕ್ಕೆ ಈ ಹೆಸರುಗಳಿಗಿಂತ ಬೇರೆ ದಾಖಲೆ ಬೇಕಿಲ್ಲ.

ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಈ ನಾಲ್ವರ ಕರಗಗಳು ಪಂಪಿನಕೆರೆಯ ದಡದಲ್ಲಿ ಸಿಂಗಾರಗೊಳ್ಳುತ್ತವೆ. ಕಲಶದೊಳಗೆ ಅಕ್ಕಿ, ನವಧಾನ್ಯ, ತೀರ್ಥ. ಮೇಲೆ ಗೋಪುರದಂತೆ ಏರಿದ ಹೂವು. ಹೊರುವವರು ವ್ರತ ಹಿಡಿದಿರುತ್ತಾರೆ. ಕೈಗೆ ಬಳೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬೆತ್ತ. ಮುಂದಿನ ದಿನಗಳಲ್ಲಿ ಕರಗ ಮನೆಮನೆಯ ಮುಂದೆ ಬಂದು ಪೂಜೆ ಪಡೆಯುತ್ತದೆ. ಸೆಗಣಿ ಸಾರಿಸಿ ರಂಗೋಲಿ ಬಿಡಲು ಅಂಗಳ ಇಲ್ಲದ ಮನೆಯವರು ಸಿಮೆಂಟು ಮೆಟ್ಟಿಲನ್ನೇ ತೊಳೆದು ಕಾಯುತ್ತಾರೆ. 2018ರಲ್ಲಿ ಗುಡ್ಡಗಳು ಕುಸಿದು ಕೊಡಗು ಕಂಗಾಲಾದ ವರ್ಷ, 2020ರಲ್ಲಿ ಕೊರೊನಾ ಬಂದ ವರ್ಷ ದಸರೆಯ ಅಬ್ಬರ ಇಳಿಯಿತು. ಕರಗ ಮಾತ್ರ ಹೊರಟಿತು. ರೋಗ ಬಂದಾಗ ಹುಟ್ಟಿದ್ದೆನ್ನುವ ಉತ್ಸವ ರೋಗ ಬಂದಿದೆ ಎಂದು ನಿಲ್ಲುವುದಾದರೂ ಹೇಗೆ?

ಆದರೆ ಸಾವಿರಗಟ್ಟಲೆ ಜನ ಸ್ವೆಟರ್ ಹಾಕಿಕೊಂಡು ಬೆಟ್ಟ ಹತ್ತಿ ಬರುವುದು ವಿಜಯದಶಮಿಯ ರಾತ್ರಿಗೆ, ದಶಮಂಟಪಗಳಿಗೆ. ನಾಲ್ಕು ಶಕ್ತಿದೇವತೆಗಳ ಗುಡಿಗಳ ಜೊತೆಗೆ ಪೇಟೆ ಶ್ರೀರಾಮಮಂದಿರ, ದೇಚೂರು ರಾಮಮಂದಿರ, ಚೌಡೇಶ್ವರಿ, ಕೋಟೆ ಗಣಪತಿ, ಕೋದಂಡರಾಮ, ಕರವಲೆ ಭಗವತಿ, ಹೀಗೆ ಹತ್ತು ದೇವಸ್ಥಾನಗಳಿಂದ ಹತ್ತು ಮಂಟಪ. ಟ್ರ್ಯಾಕ್ಟರುಗಳ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಆಳೆತ್ತರ ಮೀರಿದ ದೇವರು, ರಾಕ್ಷಸರು, ಹಿಂದೆ ದೀಪಗಳ ಬೋರ್ಡು, ಅದರ ಹಿಂದೆ ಗುಡುಗುಟ್ಟುವ ಜನರೇಟರ್. ಪ್ರತಿ ವರ್ಷ ಪ್ರತಿ ಸಮಿತಿ ಪುರಾಣದ ಒಂದು ಕಥೆ ಆಯ್ದುಕೊಳ್ಳುತ್ತದೆ. ಬಹುಪಾಲು ಯಾವುದಾದರೊಂದು ಅಸುರನ ವಧೆ. ಯಾವ ಕಥೆ ಎಂಬುದನ್ನು ಪಕ್ಕದ ಕೇರಿಯವರಿಗೆ ತಿಳಿಯದಂತೆ ಆದಷ್ಟು ದಿನ ಕಾಪಾಡುತ್ತಾರೆ.

ಹತ್ತಿರದಿಂದ ನೋಡಿದರೆ ಇದು ವೆಲ್ಡಿಂಗ್‌ನವರ, ಎಲೆಕ್ಟ್ರಿಷಿಯನ್‌ಗಳ ಹಬ್ಬ. ಅಕ್ಟೋಬರಿನ ಮಳೆಯನ್ನು ನಂಬುವಂತಿಲ್ಲ. ಪ್ರದರ್ಶನದ ಹೊತ್ತಿನವರೆಗೂ ದೇವಿಗೆ ಪ್ಲಾಸ್ಟಿಕ್ ಹೊದಿಕೆ. ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರು ಹಗ್ಗ ಹಿಡಿದು ಜನರನ್ನು ಹಿಂದಕ್ಕೆ ಒತ್ತುತ್ತಾರೆ. ಹೊದಿಕೆ ಸರಿಯುತ್ತದೆ, ದೀಪ ಆರುತ್ತದೆ, ಧ್ವನಿವರ್ಧಕದಲ್ಲಿ ಕಥೆ ಶುರು. ಮಾತಿಗೆ ಸರಿಯಾಗಿ ಮಹಿಷನ ಕತ್ತು ತಿರುಗಬೇಕು, ಸಿಂಹ ಮುಂದಕ್ಕೆ ಬಾಗಬೇಕು, ತ್ರಿಶೂಲ ಇಳಿಯಬೇಕು, ಹೊಗೆ ಏಳಬೇಕು. ಕೆಳಗೆ ಕೂತವನು ಅರೆಕ್ಷಣ ತಡಮಾಡಿ ತ್ರಿಶೂಲದ ಸ್ವಿಚ್ಚು ಒತ್ತಿದರೆ ತ್ರಿಶೂಲ ತಾಗುವ ಮೊದಲೇ ಮಹಿಷ ಸತ್ತುಬೀಳುತ್ತಾನೆ. ಜನ ಹೋ ಎನ್ನುತ್ತಾರೆ. ಸಮಿತಿಯವರ ಮುಖ ಕಪ್ಪಿಡುತ್ತದೆ. ತೀರ್ಪುಗಾರರು ಎಲ್ಲವನ್ನೂ ಬರೆದುಕೊಳ್ಳುತ್ತಿರುತ್ತಾರೆ. ಬಹುಮಾನ ಘೋಷಣೆಯಾದ ಮೇಲಿನ ಗೊಣಗಾಟವೂ ಹಬ್ಬದ ಒಂದು ಅಂಗವೇ.

ಭಕ್ತಿ ಎಲ್ಲಿ ಹೋಯಿತು ಎಂದು ಕೇಳುವವರಿದ್ದಾರೆ. ನನ್ನ ತಕರಾರು ಅದಲ್ಲ. ಯಂತ್ರ ಕುಣಿಸುವ ಈ ವಿದ್ಯೆ ಊರಿನದೇ ಕಲೆ, ಯಾವ ಅಕಾಡೆಮಿಯೂ ಕಲಿಸಿದ್ದಲ್ಲ. ತಕರಾರಿರುವುದು ಎದೆಗೂಡು ನಡುಗಿಸುವ ಡಿಜೆ ಪೆಟ್ಟಿಗೆಗಳ ಬಗ್ಗೆ. ಇಳಿಜಾರಿನ ಇಕ್ಕಟ್ಟು ಬೀದಿಯಲ್ಲಿ ಆ ಸದ್ದಿಗೆ ಹೋಗಲು ಜಾಗವಿಲ್ಲ. ಕಥೆಯ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ರಾತ್ರಿಯಿಡೀ ಸಾಗಿದ ಮಂಟಪಗಳ ಮೆರವಣಿಗೆಯನ್ನು ಬೆಳಗಾಗುವ ಹೊತ್ತಿಗೆ ಬನ್ನಿ ಕಡಿದು ಮುಗಿಸುತ್ತಾರೆ.

ದಸರೆಯ ದಿನಗಳಲ್ಲಿ ಗಾಂಧಿ ಮೈದಾನದ ವೇದಿಕೆಯಲ್ಲಿ ಏನಾದರೊಂದು ನಡೆಯುತ್ತಿರುತ್ತದೆ. ಮಕ್ಕಳ ದಸರೆಯ ದಿನ ಶಾಲೆಯ ಮಕ್ಕಳು ಮನೆಯಲ್ಲಿ ಬೆಳೆದ ಸೊಪ್ಪು ತರಕಾರಿ ತಂದು ಸಂತೆ ಹೂಡುತ್ತಾರೆ, ಚೌಕಾಸಿಯಲ್ಲಿ ದೊಡ್ಡವರನ್ನು ಸೋಲಿಸುತ್ತಾರೆ. ಮಹಿಳಾ ದಸರೆ, ಜಾನಪದ ದಸರೆಗಳೂ ಇವೆ. ಮಂಟಪ ನೋಡಲೆಂದೇ ಬರುವವರು ತಪ್ಪಿಸಿಕೊಳ್ಳುವುದು ಬಹುಭಾಷಾ ಕವಿಗೋಷ್ಠಿಯನ್ನು. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ ಕವಿತೆಗಳನ್ನು ಒಂದೇ ಮೈಕಿನ ಮುಂದೆ ಸರದಿಯಲ್ಲಿ ಓದುತ್ತಾರೆ. ಕೇಳುವವರಿಗೆ ಅರ್ಧಕ್ಕರ್ಧ ಅರ್ಥವಾಗದಿದ್ದರೂ ಚಪ್ಪಾಳೆಗೆ ಬರವಿಲ್ಲ. ಈ ಗೋಷ್ಠಿ ನಡೆಯುವುದು ಹಗಲು ಹೊತ್ತಿನಲ್ಲಿ. ಹಿಂದಿನ ಸಾಲಿನ ಕುರ್ಚಿಗಳು ಖಾಲಿಯೇ ಇರುತ್ತವೆ, ಹೋದವರಿಗೆ ಜಾಗ ಸಿಗುತ್ತದೆ.