ತಂಬೂರಿಯ ಪಕ್ಕದಲ್ಲೊಂದು ಫ್ಯಾನು

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರೊಳಗೆ ಇದ್ದದ್ದು ಒಂದೇ ಫ್ಯಾನು. ಅದೂ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯದು. ಆ ಡಬ್ಬಿಯ ಒಟ್ಟು ಶಕ್ತಿ 63.5 ವ್ಯಾಟ್. 4.77 ಮೆಗಾಹರ್ಟ್ಜ್‌ನ 8088 ಪ್ರೊಸೆಸರು ತಲೆಯ ಮೇಲೆ ಏನೂ ಇಲ್ಲದೆ ಬರಿಮೈಯಲ್ಲಿ ಕೂತಿತ್ತು. ಆ ಕಾಲದ ಫ್ಯಾನಿಗೆ ಕರೆಂಟು ಬರಲು ಒಂದು ತಂತಿ, ಹಿಂತಿರುಗಲು ಒಂದು ತಂತಿ, ಅಷ್ಟೇ. ಯಂತ್ರ ಹೊತ್ತಿಸಿದರೆ ತಿರುಗುತ್ತಿತ್ತು, ಆರಿಸಿದರೆ ನಿಲ್ಲುತ್ತಿತ್ತು. ನಡುವೆ ನಿಧಾನ ಎನ್ನುವ ಮಾತೇ ಇರಲಿಲ್ಲ.

ಫ್ಯಾನೇ ಬೇಡ ಎಂದವರೂ ಅದೇ ಕಾಲದಲ್ಲಿ ಇದ್ದರು. 1977ರ ಆ್ಯಪಲ್ 2ಕ್ಕೆ ರಾಡ್ ಹೋಲ್ಟ್ ಮಾಡಿಕೊಟ್ಟ ಸ್ವಿಚಿಂಗ್ ಪವರ್ ಸಪ್ಲೈ ಅಷ್ಟಾಗಿ ಕಾಯುತ್ತಿರಲಿಲ್ಲವಾದ್ದರಿಂದ ಆ ಯಂತ್ರ ಫ್ಯಾನಿಲ್ಲದೆ ನಡೆಯಿತು. 1984ರ ಮ್ಯಾಕಿಂತೋಷ್‌ಗೂ ಫ್ಯಾನ್ ಇರಲಿಲ್ಲ; ಬಿಸಿಗಾಳಿ ತಾನಾಗಿ ಮೇಲೇರಿ ನೆತ್ತಿಯ ಸೀಳುಗಳಿಂದ ಹೊರಬೀಳಲಿ ಎಂಬ ಲೆಕ್ಕ. 1987ರ ಮ್ಯಾಕಿಂತೋಷ್ ಎಸ್‌ಇ ಹೊತ್ತಿಗೆ ಹಾರ್ಡ್ ಡಿಸ್ಕ್ ಒಳಗೆ ಬಂತು, ಫ್ಯಾನೂ ಬಂತು, ಅದರ ಸದ್ದಿನ ದೂರೂ ಬಂತು. ಫ್ಯಾನ್ ಬೇಡವೆಂದ ಆ ಹಳಬರ ಮೇಲೆ ನನಗೆ ದೊಡ್ಡ ಗೌರವವಿದೆ. ಕಂಪ್ಯೂಟರ್ ಇಡುವ ಕೋಣೆಯಲ್ಲಿ ಮನುಷ್ಯರೂ ಕೂತಿರುತ್ತಾರೆ ಎಂಬುದನ್ನು ಅವರು ಮೊದಲೇ ನೆನೆದಿದ್ದರು.

ನಾನು ಧಾರವಾಡದಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಕೆಲಸದವನು. ಈ ಊರಲ್ಲಿ ಈ ಕೆಲಸಕ್ಕೆ ಇಳಿದವನಿಗೆ ಗಾಯಕರ ಮನೆಯ ಬಾಗಿಲು ತಪ್ಪಿದ್ದಲ್ಲ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಇಲ್ಲಿನ ಸಣ್ಣಸಣ್ಣ ರೆಕಾರ್ಡಿಂಗ್ ಕೋಣೆಗಳು ಟೇಪು ಬಿಟ್ಟು ಕಂಪ್ಯೂಟರಿಗೆ ಬಂದವು. ಕಂಪ್ಯೂಟರು ಅತಿ ಗದ್ದಲದ್ದಾಗಿದ್ದ ಕಾಲವೂ ಅದೇ.

ಹಾಗಾಗಲು ಕಾರಣವಿತ್ತು. 1992ರ 66 ಮೆಗಾಹರ್ಟ್ಜ್‌ನ 486 ಪ್ರೊಸೆಸರಿನ ಮೇಲೆ ಅಲ್ಯೂಮಿನಿಯಂ ಹೀಟ್ ಸಿಂಕ್ ಕೂತಿತು. ಮರುವರ್ಷ ಬಂದ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ನುಂಗುತ್ತಿತ್ತು. ಅದರ ಹೀಟ್ ಸಿಂಕಿನ ಮೇಲೆ ಒಂದು ಪುಟ್ಟ ಫ್ಯಾನೇ ಬೇಕಾಯಿತು. 1995ರಲ್ಲಿ ಇಂಟೆಲ್ ಬೋರ್ಡು, ಕ್ಯಾಬಿನೆಟ್‌ಗಳಿಗೆ ಎಟಿಎಕ್ಸ್ ಎಂಬ ಹೊಸ ಅಳತೆ ಕೊಟ್ಟಿತು. ಅದರ ಮೊದಲ ರೂಪದಲ್ಲೊಂದು ಒಳ್ಳೆಯ ಆಲೋಚನೆ ಇತ್ತು: ಎಸ್‌ಎಂಪಿಎಸ್‌ನ ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದು ಪ್ರೊಸೆಸರಿನ ಮೇಲೂ ಊದಬೇಕು, ಒಂದೇ ಫ್ಯಾನಿನಲ್ಲಿ ಎರಡು ಕೆಲಸ. ಆದರೆ ಎಸ್‌ಎಂಪಿಎಸ್ ದಾಟಿ ಬರುವ ಗಾಳಿ ಅಲ್ಲೇ ಬಿಸಿಯಾಗಿರುತ್ತದೆ. ಪ್ರೊಸೆಸರುಗಳ ಕಾವು ಏರಿದಂತೆ ಆ ಲೆಕ್ಕ ಕೈಬಿಟ್ಟುಹೋಯಿತು. ಫ್ಯಾನು ಮತ್ತೆ ಹೊರಕ್ಕೆ ಊದತೊಡಗಿತು. ಅಲ್ಲಿಂದ ಮುಂದೆ ಪ್ರೊಸೆಸರಿಗೊಂದು, ಗ್ರಾಫಿಕ್ಸ್ ಕಾರ್ಡಿಗೊಂದು, ಕ್ಯಾಬಿನೆಟ್ ಬೆನ್ನಿಗೊಂದು ಎಂದು ಫ್ಯಾನುಗಳು ಬೆಳೆದವು. 2004ರ ಹೊತ್ತಿಗೆ ಕೆಲವು ಪೆಂಟಿಯಂ 4 ಪ್ರೊಸೆಸರುಗಳು ಒಂಟಿಯಾಗಿ ನೂರು ವ್ಯಾಟ್ ದಾಟಿದವು. ಮೂಲ ಐಬಿಎಂ ಯಂತ್ರದ ಇಡೀ ಎಸ್‌ಎಂಪಿಎಸ್ ಕೊಡುತ್ತಿದ್ದುದಕ್ಕಿಂತ ಅದು ಎಷ್ಟೋ ಹೆಚ್ಚು.

ಅಂಥದೊಂದು ಯಂತ್ರ ಇದ್ದ ಕೋಣೆಗೆ ನನ್ನನ್ನು ಕರೆಸಿದ್ದರು. ಹಿರಿಯ ಗಾಯಕರೊಬ್ಬರು ತಂಬೂರಿ ಶ್ರುತಿ ಮಾಡಿಸುತ್ತಿದ್ದವರು ಕೈ ಎತ್ತಿ ನಿಲ್ಲಿಸಿದರು.

“ಈ ಷಡ್ಜ ಯಾರದ್ರೀ? ನಮ್ಮ ತಂಬೂರೀದಲ್ಲ.”

“ಅದು ಕಂಪ್ಯೂಟರಿನ ಫ್ಯಾನ್ ರೀ, ಸರ.”

“ಹಂಗಾರ ಅದನ್ನೂ ಶ್ರುತಿಗೆ ಕೂಡಸ್ರಿ, ಇಲ್ಲಂದ್ರ ಬಂದ್ ಮಾಡ್ರಿ.”

ಅವರ ಕಿವಿ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಫ್ಯಾನಿನ ಒಂದೊಂದು ರೆಕ್ಕೆ ಚೌಕಟ್ಟಿನ ಕಡ್ಡಿಯನ್ನು ದಾಟುವಾಗಲೂ ಗಾಳಿಗೆ ಒಂದು ಪೆಟ್ಟು ಬೀಳುತ್ತದೆ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 140 ಪೆಟ್ಟು. ಹಾರ್ಮೋನಿಯಂನ ಮೊದಲ ಕರಿ ಮನೆ, ಗಾಯಕರ ಮಾತಿನಲ್ಲಿ ಕರಿ ಒಂದು, ಮಂದ್ರದಲ್ಲಿ ಸುಮಾರು 138.6 ಹರ್ಟ್ಜ್, ಎಷ್ಟೋ ಗಂಡಸರು ಷಡ್ಜ ಹಿಡಿಯುವ ಮನೆ ಅದು. ಫ್ಯಾನಿನದು ಅದಕ್ಕಿಂತ ಕೂದಲೆಳೆಯಷ್ಟು ಮೇಲೆ. 2000 ಸುತ್ತಿಗೆ ಏರಿದರೆ 233 ಹರ್ಟ್ಜ್, ಅಂದರೆ ಕರಿ ಐದು. ಹೆಣ್ಣುಮಕ್ಕಳು ಹಾಡುವ ಶ್ರುತಿ. ಪೂರ್ತಿ ಬೇರೆ ಸ್ವರವಾಗಿದ್ದರೆ ಮೈಕಿನ ಹಿಂದೆ ಒಂದು ಗದ್ದಲ ಎಂದು ಬಿಡಬಹುದಿತ್ತು. ಷಡ್ಜದ ಮಗ್ಗುಲಲ್ಲೇ ತುಸು ಏರಿ ನಿಂತ ಇನ್ನೊಂದು ಷಡ್ಜವನ್ನು ಹಾಡುವವರು ಸಹಿಸಲಾರರು, ಸಹಿಸಲೂಬಾರದು. ರೆಕ್ಕೆಗಳನ್ನು ಏಳು, ಹನ್ನೊಂದು ಎಂದು ಬೆಸ ಸಂಖ್ಯೆಯಲ್ಲಿ ಮಾಡುವುದಕ್ಕೂ ಈ ಸ್ವರವೇ ಕಾರಣ. ಹಿಂದಿನ ಕಡ್ಡಿಗಳು ಮೂರೋ ನಾಲ್ಕೋ ಇರುತ್ತವೆ. ಎಲ್ಲ ರೆಕ್ಕೆಗಳೂ ಒಟ್ಟಿಗೇ ಕಡ್ಡಿಗಳೆದುರು ಬಂದರೆ ಪೆಟ್ಟುಗಳೆಲ್ಲ ಸೇರಿ ಸ್ವರ ಜೋರಾಗುತ್ತದೆ.

ಆಗ ನಮ್ಮ ಕೈಯಲ್ಲಿದ್ದದ್ದು ಏಳು ವೋಲ್ಟಿನ ಉಪಾಯ. ಎಸ್‌ಎಂಪಿಎಸ್‌ನ ನಾಲ್ಕು ತಂತಿಯ ಮೊಲೆಕ್ಸ್ ಕನೆಕ್ಟರಿನಲ್ಲಿ ಹಳದಿ 12 ವೋಲ್ಟು, ಕೆಂಪು 5 ವೋಲ್ಟು. ಫ್ಯಾನಿನ ಕಪ್ಪು ತಂತಿಯನ್ನು ನೆಲಕ್ಕೆ ಕೊಡುವ ಬದಲು ಕೆಂಪಿಗೆ ಕೊಟ್ಟರೆ ಫ್ಯಾನಿಗೆ ಸಿಗುವುದು ನಡುವಿನ 7 ವೋಲ್ಟು ಮಾತ್ರ. ಗಾಳಿ ಕಡಿಮೆಯಾಗುತ್ತದೆ, ಆದರೆ ಸದ್ದು ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ: ಸುತ್ತು ಅರ್ಧವಾದರೆ ಗಾಳಿ ಅರ್ಧ, ಸದ್ದಿನಲ್ಲಿ ಮಾತ್ರ ಸುಮಾರು 15 ಡೆಸಿಬೆಲ್ ಇಳಿತ. ಫ್ಯಾನಿನ ಇಡೀ ಇತಿಹಾಸ ಈ ಲೆಕ್ಕದ ಮೇಲೆ ನಿಂತಿದೆ. ಏಳು ವೋಲ್ಟಿನ ಉಪಾಯಕ್ಕೆ ಅಪಾಯವೂ ಇತ್ತು. ಫ್ಯಾನಿನೊಳಗೆ ಶಾರ್ಟ್ ಆದರೆ 12 ವೋಲ್ಟು ನೇರ 5 ವೋಲ್ಟಿನ ಸಾಲಿಗೆ ನುಗ್ಗಿ ಹಾರ್ಡ್ ಡಿಸ್ಕನ್ನು ಸುಡಬಹುದು. ಕೆಲವು ಫ್ಯಾನು ತಿರುಗುತ್ತಿದ್ದಾಗ 7 ವೋಲ್ಟಿನಲ್ಲಿ ಚೆನ್ನಾಗಿ ನಡೆಯುತ್ತವೆ, ನಿಂತಲ್ಲಿಂದ ಹೊರಡಲು ಮಾತ್ರ ಅಷ್ಟು ಸಾಲದು.

ಫ್ಯಾನ್ ನಿಂತದ್ದು ಯಂತ್ರಕ್ಕೆ ತಿಳಿಯಬೇಕಲ್ಲ? ಮೂರನೆಯ ತಂತಿ ಅದಕ್ಕಾಗಿ ಬಂತು. ಕಂಪ್ಯೂಟರ್ ಫ್ಯಾನಿನ ಮೋಟಾರಿಗೆ ಬ್ರಷ್ ಇರುವುದಿಲ್ಲ. ತಿರುಗುವ ಆಯಸ್ಕಾಂತ ಯಾವ ಕಡೆಗಿದೆ ಎಂದು ಒಳಗಿನ ಹಾಲ್ ಸೆನ್ಸರು ಗುರುತಿಸಿ ಸುರುಳಿಗಳಿಗೆ ಕರೆಂಟನ್ನು ಸರದಿಯಂತೆ ಕೊಡುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡ ಭೌತಿಕ ಪರಿಣಾಮವೇ ಅದರ ಬೇರು. ತಿರುಗಾಟದ ಆ ಗುರುತನ್ನೇ ಒಂದು ತಂತಿಯಲ್ಲಿ ಹೊರಗೆ ತಂದರೆ ಪ್ರತಿ ಸುತ್ತಿಗೆ ಎರಡು ಮಿಡಿತ ಸಿಗುತ್ತವೆ. ಮದರ್‌ಬೋರ್ಡು ಎಣಿಸಿ ವೇಗ ತೋರಿಸುತ್ತದೆ. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78ರಂಥ ಚಿಪ್ಪುಗಳು ಬೋರ್ಡಿನ ಮೇಲೆ ಬಂದು ಕಾವು, ವೋಲ್ಟೇಜು, ಸುತ್ತು ಮೂರನ್ನೂ ಓದತೊಡಗಿದವು. ಆಮೇಲೆ ಇಟಲಿಯ ಆಲ್ಫ್ರೆಡೊ ಮಿಲಾನಿ ಕಂಪರೆಟ್ಟಿ ಬರೆದ ಸ್ಪೀಡ್‌ಫ್ಯಾನ್ ಎಂಬ ಉಚಿತ ತಂತ್ರಾಂಶ ನನ್ನಂಥವರ ಕೈಗೆ ಬಂತು. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್, ಫ್ಯಾನ್‌ಕಂಟ್ರೋಲ್ ಇದ್ದವು. ಸದ್ದನ್ನು ಅಂಕಿಯಾಗಿ ಪರದೆಯ ಮೇಲೆ ನೋಡಲು ಸಾಧ್ಯವಾದದ್ದು ಆಗ.

ಆದರೆ ಮೂರು ತಂತಿಯ ಫ್ಯಾನಿನ ವೇಗ ಇಳಿಸುವುದೆಂದರೆ ಅದರ ಊಟವನ್ನೇ ಕಡಿತ ಮಾಡುವುದು. ವೋಲ್ಟೇಜು ಇಳಿಸಿದರೆ ಮೋಟಾರೂ ಸೊರಗುತ್ತದೆ, ಒಳಗಿನ ಸೆನ್ಸರೂ ಸೊರಗುತ್ತದೆ. ಕರೆಂಟನ್ನೇ ಕತ್ತರಿಸಿ ಕತ್ತರಿಸಿ ಕೊಟ್ಟರೆ ಮಿಡಿತದ ಎಣಿಕೆ ಕೆಡುತ್ತದೆ. ಕತ್ತರಿಸುವ ವೇಗ ಕಿವಿಗೆ ಕೇಳುವ ಮಟ್ಟದಲ್ಲಿದ್ದರೆ ಮೋಟಾರೇ ಗುರ್ ಎನ್ನುತ್ತದೆ. ಸದ್ದು ಕಡಿಮೆ ಮಾಡಲು ಹೋಗಿ ಹೊಸ ಸದ್ದು.

2004ರ ಆಸುಪಾಸಿನಲ್ಲಿ ಇಂಟೆಲ್ ಗೊತ್ತುಪಡಿಸಿದ ನಾಲ್ಕನೆಯ ತಂತಿ ಈ ತೊಡಕನ್ನು ಬಿಡಿಸಿತು. ಅದರ ಬಣ್ಣ ನೀಲಿ. ಹಳದಿ ತಂತಿಯಲ್ಲಿ 12 ವೋಲ್ಟು ಕಡಿತವಿಲ್ಲದೆ ಹರಿಯುತ್ತಲೇ ಇರುತ್ತದೆ, ಹಸಿರು ಸುತ್ತಿನ ಲೆಕ್ಕ ಕೊಡುತ್ತದೆ, ನೀಲಿಯಲ್ಲಿ ಬರೀ ಅಪ್ಪಣೆ. ಬೋರ್ಡು ಆ ತಂತಿಯ ಮೇಲೆ ಸೆಕೆಂಡಿಗೆ ಸುಮಾರು 25,000 ಸಲ ಹೊತ್ತಿ ಆರುವ ಸಂಕೇತ ಕಳಿಸುತ್ತದೆ. ಹೊತ್ತಿರುವ ಪಾಲು ಹೆಚ್ಚಿದ್ದರೆ ವೇಗ ಹೆಚ್ಚು. 21ರಿಂದ 28 ಕಿಲೋಹರ್ಟ್ಜ್‌ವರೆಗೆ ಏರುಪೇರಿಗೆ ಅವಕಾಶವಿದೆ, 21ಕ್ಕಿಂತ ಕೆಳಗೆ ಇಲ್ಲ. ಮನುಷ್ಯನ ಕಿವಿಯ ಎಲ್ಲೆ 20 ಕಿಲೋಹರ್ಟ್ಜ್. ಬಿಸಿ, ವ್ಯಾಟು, ವೋಲ್ಟುಗಳಿಂದಲೇ ತುಂಬಿದ ದಾಖಲೆಯೊಂದರಲ್ಲಿ ಕೇಳುವ ಕಿವಿಗೆ ಜಾಗ ಸಿಕ್ಕಿದ್ದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ. ಅದೇ ವರ್ಷ ಗಾಳಿಯ ದಾರಿಯನ್ನೇ ನೆಟ್ಟಗೆ ಮಾಡುವ ಬಿಟಿಎಕ್ಸ್ ಎಂಬ ಕ್ಯಾಬಿನೆಟ್ ಅಳತೆಯೂ ಮಾರುಕಟ್ಟೆಗೆ ಬಂದಿತ್ತು. ಎರಡೇ ವರ್ಷಕ್ಕೆ ಇಂಟೆಲ್ ಅದನ್ನು ಕೈಬಿಟ್ಟಿತು. ನೀಲಿ ತಂತಿ ಉಳಿಯಿತು.

ಈ ಬದಲಾವಣೆಯ ನಡುಗಾಲದಲ್ಲಿ ನಮ್ಮ ಕಡೆ ಒಂದು ವಿಶೇಷ ತೊಂದರೆ ಕಾಣಿಸಿತು. ಪ್ರೊಸೆಸರಿನ ಜತೆ ಡಬ್ಬದಲ್ಲಿ ಬರುವ ಫ್ಯಾನಿಗೆ ತನ್ನದೇ ಒಂದು ಉಷ್ಣ ಸೆನ್ಸರು ಇರುತ್ತಿತ್ತು. ಬೋರ್ಡಿನ ಮೇಲಿನ ನಾಲ್ಕು ಕಡ್ಡಿಯ ಹೆಡರಿಗೆ ಸಿಕ್ಕಿಸಿದರೆ ಅದು ಬೋರ್ಡಿನ ಮಾತು ಕೇಳುತ್ತದೆ. ಹಳೆಯ ಮೂರು ಕಡ್ಡಿಯ ಹೆಡರಿಗೆ ಸಿಕ್ಕಿಸಿದರೆ ತನ್ನ ಸೆನ್ಸರನ್ನೇ ನಂಬುತ್ತದೆ: ಕ್ಯಾಬಿನೆಟ್ ಒಳಗಿನ ಗಾಳಿ 30 ಡಿಗ್ರಿವರೆಗೆ ಕನಿಷ್ಠ ವೇಗ, 38ರ ಸುಮಾರಿಗೆ ಪೂರ್ಣ ವೇಗ. ಎಸಿ ಇರುವ ಕಚೇರಿಗೆ ಇದು ಒಳ್ಳೆಯ ಲೆಕ್ಕ. ಏಪ್ರಿಲ್ ತಿಂಗಳ ಮಧ್ಯಾಹ್ನ ಧಾರವಾಡದ ಕೋಣೆಯೇ 36, 37 ಮುಟ್ಟಿರುತ್ತದೆ, ಕಲಬುರಗಿಯಲ್ಲಿ 40ರ ಮೇಲೆ. ಕ್ಯಾಬಿನೆಟ್ ಒಳಗಂತೂ ಇನ್ನೂ ನಾಲ್ಕೈದು ಹೆಚ್ಚು. ಪ್ರೊಸೆಸರು ಸುಮ್ಮನಿದ್ದರೂ ಫ್ಯಾನು ಬೆಳಗಿನಿಂದ ಸಂಜೆವರೆಗೆ ಕಿರುಚುತ್ತದೆ. ಅದನ್ನು ವೈರಸ್ ಎಂದುಕೊಂಡು ವಿಂಡೋಸ್ ಅಳಿಸಿ ಹಾಕಿಸಿಕೊಂಡವರಿದ್ದಾರೆ.

ಇದರ ತಿರುವುಮುರುವು ಇಂದಿಗೂ ನಡೆದಿದೆ. ಮೂರು ತಂತಿಯ ಕ್ಯಾಬಿನೆಟ್ ಫ್ಯಾನನ್ನು ನಾಲ್ಕು ಕಡ್ಡಿಯ ಹೆಡರಿಗೆ ಸಿಕ್ಕಿಸುತ್ತಾರೆ. ಬೋರ್ಡು ನೀಲಿ ತಂತಿಯಲ್ಲಿ ಅಪ್ಪಣೆ ಕಳಿಸುತ್ತಿರುತ್ತದೆ, ಫ್ಯಾನಿಗೆ ಆ ತಂತಿಯೇ ಇಲ್ಲ. 12 ವೋಲ್ಟು ಪೂರ್ತಿ ಬರುತ್ತಿರುವುದರಿಂದ ಅದು ಪೂರ್ಣ ವೇಗದಲ್ಲೇ ತಿರುಗುತ್ತದೆ. ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಆ ಹೆಡರನ್ನು ಪಿಡಬ್ಲ್ಯೂಎಂ (ನೀಲಿ ತಂತಿಯ ಅಪ್ಪಣೆ) ಬದಲು ಡಿಸಿ (ವೋಲ್ಟೇಜು ಇಳಿಸುವುದು) ಎಂದು ಬದಲಿಸಿದರೆ ಮುಗಿಯಿತು. ಹೊಸ ಫ್ಯಾನ್ ಕೊಳ್ಳುವ ಮುಂಚೆ ಇದನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಕ್ಷವೇ ಒಣಗಿ ಗರಗರ ಎನ್ನುತ್ತಿದ್ದರೆ ಮಾತು ಬೇರೆ. ಬೆನ್ನಿನ ಸ್ಟಿಕ್ಕರ್ ಎತ್ತಿ ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟರೆ ಕೆಲವು ತಿಂಗಳು ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದ ಬೆಳಗ್ಗೆ ಅದು ಗಟ್ಟಿಯಾಗಿ ಫ್ಯಾನ್ ಏಳುವುದೇ ಇಲ್ಲ.

ರೆಕಾರ್ಡಿಂಗ್ ಕೋಣೆಗಳಲ್ಲಿ ನಾನು ಕಂಡುಕೊಂಡದ್ದು ಇನ್ನೊಂದು. ಒಂದೇ ಸಮನೆ ಬರುವ ಸದ್ದನ್ನು ಕಿವಿ ಒಪ್ಪಿಕೊಳ್ಳುತ್ತದೆ, ಏರಿಳಿಯುವ ಸದ್ದಿನ ಬೆನ್ನು ಬಿಡುವುದಿಲ್ಲ. ಪ್ರೊಸೆಸರಿನ ಕಾವು ಒಂದು ಕ್ಷಣದಲ್ಲಿ ಹದಿನೈದು ಡಿಗ್ರಿ ಜಿಗಿದು ಮರುಕ್ಷಣ ಇಳಿಯಬಲ್ಲದು. ಅದನ್ನು ಹಿಂಬಾಲಿಸುವ ಫ್ಯಾನು ಏದುಸಿರು ಬಿಟ್ಟಂತೆ ಏರಿಳಿಯುತ್ತದೆ. ಹಾಗಾಗಿ ಬಯಾಸ್‌ನಲ್ಲಿ ಏರುವ, ಇಳಿಯುವ ಅವಧಿಯನ್ನು ಉದ್ದ ಮಾಡುತ್ತೇನೆ. ಹೀಟ್ ಸಿಂಕಿನ ಲೋಹಕ್ಕೆ ಕೆಲವು ಸೆಕೆಂಡು ಕಾವು ನುಂಗಿಕೊಳ್ಳುವ ಶಕ್ತಿ ಇದ್ದೇ ಇದೆ. ಒಂದೇ ಬಗೆಯ ಎರಡು ಫ್ಯಾನು ಒಂದು 1200, ಇನ್ನೊಂದು 1180 ಸುತ್ತಿನಲ್ಲಿದ್ದರೆ ಅವೆರಡರ ಸ್ವರ ಸೇರಿ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ತೂಗಾಡುತ್ತದೆ. ತಂಬೂರಿಯ ಜೋಡಿ ತಂತಿಗಳನ್ನು ಕೂಡಿಸುವಾಗ ಗಾಯಕರು ಕೇಳಿ ಕೇಳಿ ಇಲ್ಲವಾಗಿಸುವ ತೂಗಾಟವೇ ಇದು. ಅದಕ್ಕೇ ಅವರಿಗೆ ಮೊದಲು ಕೇಳಿಸುತ್ತದೆ. ಎರಡರ ವೇಗವನ್ನೂ ಬೇಕೆಂದೇ ದೂರ ದೂರ ಇಡುತ್ತೇನೆ.

ಈಗ ಫ್ಯಾನುಗಳು ದೊಡ್ಡವಾಗಿವೆ. ಹಿಂದೆ 80 ಮಿಲಿಮೀಟರ್ ಇದ್ದ ಕಡೆ 120, 140. ವ್ಯಾಸ ಒಂದೂವರೆ ಪಟ್ಟಾದರೆ ಅಷ್ಟೇ ಗಾಳಿಗೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ವೇಗ ಸಾಕು. ನಮ್ಮ ಗಾಯಕರ ಕೋಣೆಯ ಯಂತ್ರದಲ್ಲೀಗ 140ರ ಏಳು ರೆಕ್ಕೆಯ ಫ್ಯಾನು 500 ಸುತ್ತಿನಲ್ಲಿ ತಿರುಗುತ್ತದೆ. ರೆಕ್ಕೆಯ ಸ್ವರ 58 ಹರ್ಟ್ಜ್, ಯಾರ ಮಂದ್ರವೂ ಮುಟ್ಟದ ಕಡೆ. ಹಾರ್ಡ್ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂದಿದೆ. ಇವೆಲ್ಲ ತಗ್ಗಿದ ಮೇಲೆ ಇಷ್ಟು ದಿನ ಅಡಗಿದ್ದ ಇನ್ನೊಂದು ಸದ್ದು ಮೇಲೆದ್ದಿದೆ: ಬೋರ್ಡಿನ, ಎಸ್‌ಎಂಪಿಎಸ್‌ನ ಕಾಯಿಲ್‌ಗಳ ಕೀರಲು. ಪರದೆಯ ಮೇಲೆ ಒಂದು ಪುಟ ಸರಿಸಿದರೂ ಅದರ ಸ್ವರ ಬದಲಾಗುತ್ತದೆ. ಬಯಾಸ್‌ನಲ್ಲಿ ಪ್ರೊಸೆಸರಿನ ನಿದ್ದೆಯ ಹಂತಗಳನ್ನು ಮುಚ್ಚಿದರೆ ಕೆಲವು ಬೋರ್ಡುಗಳಲ್ಲಿ ಅದು ನಿಲ್ಲುತ್ತದೆ. ಆಗ ಪ್ರೊಸೆಸರು ಬಿಡುವಿನಲ್ಲೂ ಬೆಚ್ಚಗೇ ಇರುತ್ತದೆ, ಫ್ಯಾನಿನ ಸುತ್ತು ನೂರಿನ್ನೂರು ಏರುತ್ತದೆ.